ನನ್ನ ಕೈಗುಣದ ಕಥೆ

ಇಪ್ಪತ್ತೆಂಟು ವರ್ಷ ನಾನು ಮಾಡಿದ್ದು ಒಂದೇ ಕೆಲಸ: ಸಂಶೋಧನಾಲಯದಲ್ಲಿ ಜೀವಕೋಶಗಳಿಗೆ ಊಟ ಹಾಕುವುದು. ಬೆಚ್ಚನೆಯ ಪೆಟ್ಟಿಗೆಯೊಳಗೆ ಮೇಲಿನ ಅಟ್ಟಣೆಯಲ್ಲಿ ಹೃದಯದ ಕೋಶಗಳು, ಕೆಳಗೆ ಕ್ಯಾನ್ಸರಿನವು. ಹೃದಯದವು ತುಂಬಾ ಸಭ್ಯ. ಕೂತಲ್ಲೇ ಕೂತು ಮಿಡಿಯುತ್ತವೆ, ಹೆಚ್ಚುವುದಿಲ್ಲ. ಕ್ಯಾನ್ಸರಿನವಕ್ಕೆ ಸಾಕು ಅನ್ನುವುದೇ ಗೊತ್ತಿಲ್ಲ. ಹೊಸದಾಗಿ ಬಂದವರಿಗೆಲ್ಲ ಈ ಪಾಠವನ್ನು ದೊಡ್ಡ ಮೇಷ್ಟ್ರ ಗತ್ತಿನಲ್ಲಿ ಹೇಳುತ್ತಿದ್ದವನು ನಾನೇ.

ನಿವೃತ್ತಿಗೆ ಹತ್ತು ದಿನವಿತ್ತು. ಡಾಕ್ಟರೇಟಿಗೆ ದುಡಿಯುತ್ತಿದ್ದ ಸಂಶೋಧಕಿಯೊಬ್ಬಳ ಹೃದಯಕೋಶಗಳು ತಟ್ಟೆ ತುಂಬ ಬೆಳೆದಿದ್ದವು. "ಅಂಕಲ್, ಏನು ಕೈಗುಣ ನಿಮ್ಮದು!" ಅಂದಳು. ನನಗೆ ಕೊಂಬು ಬಂತು. ಮನೆಗೆ ಹೋಗಿ ಹೆಂಡತಿಯ ಮುಂದೆ ಕೊಚ್ಚಿಕೊಂಡೆ.

"ಅಲ್ರೀ, ಹೃದಯದ ಕೋಶ ಹೆಚ್ಚಲ್ಲ, ಸತ್ತಿದ್ದು ಸತ್ತ ಹಾಗೇ ಅಂತ ನಿಮಗೆ ಹಾರ್ಟ್ ಅಟ್ಯಾಕ್ ಆದಾಗ ನೀವೇ ತಾನೆ ಹೇಳಿದ್ದು? ಈಗ ಹೆಂಗೆ ಬೆಳೀತು?" ಅಂದಳು ಲೋಟ ತೊಳೆಯುತ್ತಾ.

ಬೆಳಿಗ್ಗೆ ಮೊದಲು ಸೂಕ್ಷ್ಮದರ್ಶಕಕ್ಕೆ ಕಣ್ಣಿಟ್ಟೆ. ಒಂದರ ಮೇಲೊಂದು ಹತ್ತಿ ಕೂತಿದ್ದವು, ಒಂದೂ ಮಿಡಿಯುತ್ತಿರಲಿಲ್ಲ. ಯಾಕೆಂದು ಯಾರನ್ನೂ ಕೇಳಬೇಕಿರಲಿಲ್ಲ. ಎರಡು ಬಗೆಯವಕ್ಕೂ ಊಟದ ದ್ರವ ಬೇರೆ ಬೇರೆ ಬಾಟಲಿಯಿಂದ ಅನ್ನುವುದು ನಿಯಮ. ಯಾರು ಓಡಾಡುತ್ತಾರೆ ಅಂತ ಒಂದೇ ಬಾಟಲಿಯಿಂದ ಎರಡಕ್ಕೂ ಹಾಕಿದ್ದೆ. ಒಂದು ಹನಿಯಲ್ಲಿ ಕ್ಯಾನ್ಸರ್ ಕೋಶ ಬಂದು ಸೇರಿತ್ತು, ತಟ್ಟೆ ತುಂಬಿದ್ದು ಅದೇ. ಹುಡುಗಿ ಕೋಶಗಳು ಒಸರಿದ ರಸವನ್ನಷ್ಟೇ ಅಳೆಯುತ್ತಿದ್ದಳು. ಸೂಕ್ಷ್ಮದರ್ಶಕದಲ್ಲಿ ನೋಡುವ ಕೆಲಸ ನನ್ನದಾಗಿತ್ತು.

ಶುಕ್ರವಾರ ಅವಳು ಎರಡು ತಿಂಗಳ ಫಲಿತಾಂಶ ಒಪ್ಪಿಸಬೇಕು. ಇನ್ನು ಒಂಬತ್ತು ದಿನ ಬಾಯಿ ಮುಚ್ಚಿಕೊಂಡಿದ್ದರೆ ನನಗೆ ಬೀಳ್ಕೊಡುಗೆ, ಹೊಗಳಿಕೆ. ಆಮೇಲೆ ಯಾರೋ ಅವಳ ಬರಹ ನಂಬಿ ಹೃದಯದ ಔಷಧಿ ಹುಡುಕುತ್ತಾರೆ. ನನ್ನಂಥ ಅರೆಸತ್ತ ಎದೆಯವರೇ ಅದನ್ನು ನುಂಗಬೇಕು. ನಾಚಿಕೆಯಾಯಿತು. ಹೋಗಿ ಹೇಳಿದೆ.

ಅವಳು ಅತ್ತಳು. "ಯಾವಾಗ ಗೊತ್ತಾಯ್ತು?"

"ನಿನ್ನೆ. ಅದೂ ನಮ್ಮ ಮನೆಯವಳಿಗೆ."

ಬೀಳ್ಕೊಡುಗೆಯಲ್ಲಿ ಕೈಗುಣದ ಮಾತು ಯಾರೂ ಎತ್ತಲಿಲ್ಲ. ಮಾರನೆಯ ದಿನ, ಸಂಬಳವಿಲ್ಲದೆ, ಅವಳ ಹೊಸ ಕೋಶಗಳಿಗೆ ಊಟ ಹಾಕಲು ನಾನು ಮತ್ತೆ ಹೋದೆ. ಮೇಜಿನ ಮೇಲೆ ಎರಡು ಬಾಟಲಿ ಇದ್ದವು. ಎರಡರ ಮೇಲೂ ಮಕ್ಕಳಿಗೆ ಬರೆದ ಹಾಗೆ ದಪ್ಪ ಅಕ್ಷರದಲ್ಲಿ ಹೆಸರು.

"ಮೊದಲು ಇದು, ಅಂಕಲ್," ಅಂದಳು, ಮುಖ ನೋಡದೆ.

"ಆಯ್ತಮ್ಮ."

ಮೂರು ವಾರದ ಮೇಲೆ ಅವಳೇ ನನ್ನನ್ನು ಸೂಕ್ಷ್ಮದರ್ಶಕದ ಮುಂದೆ ಕೂರಿಸಿದಳು. ಕೋಶಗಳು ಮಿಡಿಯುತ್ತಿದ್ದವು. ಎಣಿಸಿದೆ. ಒಂದೂ ಹೆಚ್ಚಿರಲಿಲ್ಲ. ನನಗೆ ಅಳು ಬಂತು.