ಸೀಮಂತದ ಬಳೆ, ಕಿಟಕಿಯ ಗಾಜು

ಟಪ್!

ಯಾರೂ ಮುಟ್ಟಿರಲಿಲ್ಲ. ಆಣೆ ಮಾಡಿ ಹೇಳುತ್ತೇನೆ, ಯಾರೂ ಮುಟ್ಟಿರಲಿಲ್ಲ. ತೊಟ್ಟಿಲ ಮುಂದೆ, ಮಣೆಯ ಮೇಲೆ, ಆರತಿಯ ಕೆಂಪು ನೀರು ತುಂಬಿಕೊಂಡು ತನ್ನ ಪಾಡಿಗೆ ಕೂತಿದ್ದ ಗಾಜಿನ ತಟ್ಟೆ ಎರಡು ಹೋಳಾಯಿತು. ಕೆಂಪು ನೀರು ಮಣೆಯಿಂದಿಳಿದು ನೇರವಾಗಿ ತೊಟ್ಟಿಲ ಕಡೆಗೇ ಹರಿಯತೊಡಗಿತು.

ಹರಿಯುವುದಕ್ಕೆ ಅದಕ್ಕೆ ಬೇರೆ ದಿಕ್ಕೇ ಸಿಗಲಿಲ್ಲವೇ? (ಸರ್ಕಾರಿ ಕ್ವಾರ್ಟರ್ಸ್‌ನ ನೆಲ. ಬಚ್ಚಲ ಕಡೆಗೊಂದು ಬಿಟ್ಟು ಬೇರೆಲ್ಲ ಕಡೆಗೂ ಇಳಿಜಾರು.)

ನಾಮಕರಣಕ್ಕೆ ಬಂದಿದ್ದ ಹೆಂಗಸರು ಒಟ್ಟಿಗೆ ಉಸಿರೆಳೆದುಕೊಂಡರು. ಆಮೇಲೆ ಬಿಡುವುದನ್ನೇ ಮರೆತರು. ಆ ತಟ್ಟೆ ಮಾಡಿದವಳು ನಾನೇ.

ಹಳೆಯ ಓದುಗರಿಗೆ ಗೊತ್ತು. ಹೊಸಬರಿಗೆ ಹೇಳಿಬಿಡುತ್ತೇನೆ. ದೆಹಲಿಯ ನಮ್ಮ ಕಿದ್ವಾಯಿ ನಗರದ ಪಕ್ಕದ ಕೋಟ್ಲಾದಲ್ಲಿ, ಒಂದು ಬಾಡಿಗೆ ಕೋಣೆಯಲ್ಲಿ, ನನ್ನದೊಂದು ಕರೆಂಟಿನ ಗೂಡು ಇದೆ. ಕಿಲ್ನ್ ಅನ್ನುತ್ತೇವೆ. ದೊಡ್ಡ ಟ್ರಂಕಿನಷ್ಟು ಗಾತ್ರ, ಮೇಲಕ್ಕೆ ತೆರೆಯುವ ಮುಚ್ಚಳ. ಗಾಜಿನ ಹಾಳೆ ಕತ್ತರಿಸಿ, ಒಂದರ ಮೇಲೊಂದು ಜೋಡಿಸಿ ಒಳಗಿಟ್ಟರೆ ಅವು ಮೆತ್ತಗಾಗಿ ಬೆಸೆದುಕೊಳ್ಳುತ್ತವೆ. ಆಮೇಲೆ ಅಚ್ಚಿನ ಮೇಲಿಟ್ಟು ಇನ್ನೊಮ್ಮೆ ಹದವಾಗಿ ಕಾಯಿಸಿದರೆ ತಟ್ಟೆಯಾಗಿ ಬಾಗುತ್ತವೆ. ಇದನ್ನು ನನಗೆ ಯಾವ ಕಾಲೇಜೂ ಕಲಿಸಲಿಲ್ಲ. ಗೂಡು ಕಟ್ಟಿಕೊಟ್ಟವನ ಜೊತೆ ಚೌಕಾಸಿ, ಕಿಟಕಿಗೆ ಕತ್ತರಿಸಿ ಉಳಿದ ಗಾಜಿಗಾಗಿ ಅಂಗಡಿಯವನ ಜೊತೆ ಚೌಕಾಸಿ, ಒಡೆದು, ಸುಟ್ಟು, ಬೈಸಿಕೊಂಡು ಕಲಿತದ್ದು.

ತಟ್ಟೆ ಕೇಳಿದವಳು ನಮ್ಮ ಮೇಲಿನ ಮಹಡಿಯ ವನಜಾ. ಅವಳ ಮಗಳು ಸ್ಮಿತಾ ನನ್ನ ಕಣ್ಣೆದುರೇ ಬೆಳೆದವಳು. ಮಾನೇಸರ್‌ನಲ್ಲಿ ಕಾರಿನ ಬಿಡಿಭಾಗ ಮಾಡುವ ಕಾರ್ಖಾನೆಯೊಂದರಲ್ಲಿ ಇಂಜಿನಿಯರ್. ಮದುವೆ ಮಾಡಿ ಕೊಟ್ಟಿರುವುದು ಗುಡಗಾಂವ್‌ನಲ್ಲಿರುವ ಕನ್ನಡದವರಿಗೇ. ಸೀಮಂತದಲ್ಲಿ ಅವಳ ಎರಡೂ ಕೈತುಂಬ ಹಸಿರು ಗಾಜಿನ ಬಳೆ ತೊಡಿಸಿದ್ದೆವು. ಹೆರಿಗೆ ಆಗುವವರೆಗೂ ಅವು ಕೈಯಲ್ಲೇ ಇರಬೇಕು ಎನ್ನುವುದು ಪದ್ಧತಿ. ಆದರೆ ಆಪರೇಷನ್ ಮಾಡಬೇಕು ಅಂದ ಆಸ್ಪತ್ರೆಯ ನರ್ಸಮ್ಮನಿಗೆ ನಮ್ಮ ಪದ್ಧತಿ ಗೊತ್ತೇ? ಅಷ್ಟೂ ಬಳೆ ಬಿಚ್ಚಿ, ಪ್ಲಾಸ್ಟಿಕ್ ಚೀಲಕ್ಕೆ ಹಾಕಿ, ವನಜಾಳ ಕೈಗೆ ಕೊಟ್ಟಳು. ಮಗು ಆಮೇಲೆ ಹುಟ್ಟಿತು. ಮುದ್ದಾದ ಹೆಣ್ಣುಮಗು. ತಾಯಿ ಮಗು ಇಬ್ಬರೂ ಗಟ್ಟಿ.

"ಕಮಲಾ, ಈ ಬಳೆಗಳನ್ನ ಹಾಕಿ ಒಂದು ತಟ್ಟೆ ಮಾಡ್ಕೊಡೇ. ನಾಮಕರಣದ ಆರತಿಗೆ ಆಗತ್ತೆ, ಆಮೇಲೆ ಮಗು ಹತ್ರ ನೆನಪಿಗಿರತ್ತೆ," ಅಂದಳು ವನಜಾ.

ಯೋಚನೆ ಚೆನ್ನಾಗಿತ್ತು. ಕೆಳಗೆ ತಿಳಿಗಾಜಿನ ಹಾಳೆ, ಅದರ ಮೇಲೆ ಇಡಿ ಇಡಿ ಬಳೆಗಳು, ಒಂದರೊಳಗೊಂದು ಸಿಕ್ಕಿಕೊಂಡ ಹಸಿರು ಉಂಗುರಗಳಂತೆ. ನನ್ನ ಕಣ್ಣಿಗೆ ಆಗಲೇ ಕಂಡುಬಿಟ್ಟಿತು. ಆದರೂ ಒಂದು ಷರತ್ತು ಹಾಕಿದೆ.

"ಒಂದು ಬಳೆ ಹೆಚ್ಚಿಗೆ ಕೊಡು. ಮೊದಲು ಚಿಕ್ಕ ತುಂಡಿನ ಮೇಲೆ ಇಟ್ಟು ಸುಟ್ಟು ನೋಡ್ತೀನಿ."

"ಆಗಲ್ಲ. ಇರೋದು ಬೆಸ ಸಂಖ್ಯೆ. ಒಂದು ತೆಗೆದ್ರೆ ಸಮ ಆಗಿಬಿಡತ್ತೆ."

"ಹಾಗಾದ್ರೆ ಎರಡು ಕೊಡು!"

"ಲೇ, ಸೀಮಂತದ ಬಳೆ ಕಣೇ ಇದು. ಕೊತ್ತಂಬರಿ ಸೊಪ್ಪಿನ ಹಾಗೆ ಕೇಳ್ತೀಯಲ್ಲ!"

ಐಎನ್‌ಎ ಮಾರ್ಕೆಟ್ಟಿನ ಮೀನಿನವನಿಂದ ಹಿಡಿದು ಮುನಿರ್ಕಾದ ಸೋಫಾದವನವರೆಗೆ ಯಾರನ್ನೂ ಬಿಡದವಳು ನಾನು. ವನಜಾಳ ಮುಂದೆ ಸೋತೆ. ನೀವಾಗಿದ್ದರೆ ಗೆಲ್ಲುತ್ತಿದ್ದಿರಾ?

ಈಗ ಆ ಪರೀಕ್ಷೆ ಯಾಕೆ ಬೇಕು ಅಂತ ಕೇಳಿ. ಗಾಜೆಂದರೆ ಎಲ್ಲ ಒಂದೇ ಅಲ್ಲ. ಕಾಯಿಸಿದರೆ ಹಿಗ್ಗುತ್ತದೆ, ಆರಿದರೆ ಕುಗ್ಗುತ್ತದೆ, ಸರಿ. ಆದರೆ ಎಷ್ಟು ಕುಗ್ಗುತ್ತದೆ ಅನ್ನುವುದು ಆಯಾ ಗಾಜಿನ ಹಣೆಬರಹ. ಕಿಟಕಿಯ ಗಾಜು ಒಂದಳತೆ, ಬಳೆಯ ಗಾಜು ಇನ್ನೊಂದಳತೆ. ಬಿಸಿಯಲ್ಲಿ ಎರಡೂ ತಬ್ಬಿಕೊಂಡು ಒಂದೇ ಆಗಿಬಿಡುತ್ತವೆ. ತೊಂದರೆ ಶುರುವಾಗುವುದು ಆರುವಾಗ. ಒಂದು ಜಾಸ್ತಿ ಕುಗ್ಗುತ್ತದೆ, ಇನ್ನೊಂದು ಬಿಡುವುದಿಲ್ಲ. ಹೊರಗೆ ಏನೂ ಕಾಣದು. ಒಳಗೆ ಜಗ್ಗಾಟ. ಗೂಡಿನಿಂದ ತೆಗೆದ ತಕ್ಷಣ ಒಡೆಯಬಹುದು, ವಾರ ಬಿಟ್ಟು ಒಡೆಯಬಹುದು, ಫ್ರಿಡ್ಜಿನ ಮೇಲೆ ಸುಮ್ಮನೆ ಕೂತಲ್ಲೇ ಒಡೆಯಬಹುದು.

ನಾನೇನು ಮಾಡಿದೆ? ಸರೋಜಿನಿ ನಗರಕ್ಕೆ ಹೋಗಿ, ನೋಡುವುದಕ್ಕೆ ತದ್ರೂಪು ಅದೇ ಹಸಿರು, ಅದೇ ದಪ್ಪದ ಬಳೆ ತಂದೆ. (ಬಳೆಯವನು ಡಜನ್ ಕೆಳಗೆ ಕೊಡುವುದಿಲ್ಲ ಅಂದ. ಒಂದೇ ಕೊಟ್ಟ. ಹೇಗೆ ಅಂತ ಕೇಳಬೇಡಿ.) ಸೀಮಂತದ ಬಳೆ ಊರಿನಿಂದ ಬಂದದ್ದಾದರೇನು, ಇದು ಇಲ್ಲಿ ಕೊಂಡದ್ದಾದರೇನು, ಎಲ್ಲ ಬಳೆಯೂ ಗಾಜಿನ ಬಳೆಗೆ ಹೆಸರಾದ ಫಿರೋಜಾಬಾದಿನದೇ ತಾನೇ ಎನ್ನುವುದು ನನ್ನ ಲೆಕ್ಕ. ಸುಟ್ಟೆ. ಕೂದಲೆಳೆಯಷ್ಟೂ ಬಿರುಕಿಲ್ಲ. ಪಾಸು!

ಆಮೇಲೆ ನಿಜವಾದ ಕೆಲಸ. ಅದರಲ್ಲಿ ಲೋಪ ಇರಲಿಲ್ಲ, ಕೇಳಿ. ಗಾಜನ್ನು ಎರಡು ಸಲ ತೊಳೆದು ಒರೆಸಿದೆ. ಬೆರಳಿನ ಜಿಡ್ಡು ಉಳಿದರೆ ಮೇಲೆ ಮಂಜು ಕವಿದಂತೆ ಮಬ್ಬಾಗುತ್ತದೆ, ಆಮೇಲೆ ಎಷ್ಟು ಉಜ್ಜಿದರೂ ಹೋಗದು. ಗೂಡಿನ ಹಲಗೆಗೆ ಬಿಳಿ ಲೇಪ ಬಳಿದು ಪೂರ್ತಿ ಒಣಗಿಸಿದೆ. ಇಲ್ಲದಿದ್ದರೆ ಗಾಜು ಹಲಗೆಗೇ ಅಂಟಿಕೊಂಡು ಎರಡೂ ಹಾಳು. ಬಿಸಿಯನ್ನು ನಿಧಾನ ಏರಿಸಿದೆ, ನಡುವೆ ಸಿಕ್ಕಿಕೊಂಡ ಗಾಳಿ ಹೊರಗೆ ಹೋಗುವಂತೆ. ಅವಸರ ಮಾಡಿದರೆ ದೋಸೆಯ ಹಾಗೆ ಗುಳ್ಳೆ ಏಳುತ್ತದೆ. ಆರಿಸುವಾಗ ಅದಕ್ಕಿಂತ ನಿಧಾನ. ಮಧ್ಯೆ ಕರೆಂಟು ಹೋಯಿತು (ಹೋಗದಿದ್ದರೆ ಅದು ದೆಹಲಿಯೇ?). ಆದರೂ ಮುಚ್ಚಳ ಎತ್ತಲಿಲ್ಲ. ಇದೊಂದನ್ನು ಬರೆದಿಟ್ಟುಕೊಳ್ಳಿ: ಕರೆಂಟು ಹೋದಾಗ ಇಣುಕಬಾರದು. ಗೂಡಿನ ಇಟ್ಟಿಗೆ ತಾನೇ ಬಿಸಿ ಹಿಡಿದುಕೊಂಡಿರುತ್ತದೆ. ಗಾಜನ್ನು ಕೊಲ್ಲುವುದು ಕತ್ತಲೆಯಲ್ಲ, ನಮ್ಮ ಕುತೂಹಲ.

ತಟ್ಟೆ ಹೊರಗೆ ಬಂದಾಗ ವನಜಾ ಅದನ್ನು ಕೆನ್ನೆಗೆ ಒತ್ತಿಕೊಂಡಳು. ಅಷ್ಟು ಚಂದ.

ಅದೇ ತಟ್ಟೆ ಈಗ ತೊಟ್ಟಿಲ ಮುಂದೆ ಎರಡು ಹೋಳು.

ನಾನು ನೆಲಕ್ಕೆ ಕೂತು ತುಂಡುಗಳನ್ನು ಎತ್ತಿ ನೋಡಿದೆ. ಒಡೆದ ಗಾಜಿಗೆ ಬಾಯಿಯಿದೆ. ಬಿರುಕಿನ ಅಂಚು ನುಣ್ಣಗೆ ದುಂಡಗಾಗಿದ್ದರೆ ಅದು ಗೂಡಿನಲ್ಲಿ ಬಿಸಿ ಏರುವಾಗಲೇ ಒಡೆದದ್ದು. ಅಂಚು ಹರಿತವಾಗಿದ್ದರೆ ಆರುವಾಗ ಅಥವಾ ಆಮೇಲೆ. ಮೇಲೆ ಕೂರಿಸಿದ ತುಂಡಿನ ಅಂಚನ್ನೇ ಹಿಡಿದು ಬಿರುಕು ಹೋಗಿದ್ದರೆ, ಎರಡು ಗಾಜು ಒಂದಕ್ಕೊಂದು ಒಗ್ಗಿಲ್ಲ ಅಂತಲೇ ಅರ್ಥ. ಇಲ್ಲಿ ಅಂಚು ಬ್ಲೇಡಿನಂತಿತ್ತು. ಬಿರುಕು ಬಳೆಯಿಂದ ಬಳೆಗೆ, ಹೊರ ಅಂಚು ಸವರಿಕೊಂಡೇ ಹೋಗಿತ್ತು. ಸಂಶಯವೇ ಇಲ್ಲ.

ಎದ್ದು ನಿಂತು ಗಟ್ಟಿಯಾಗಿ ಹೇಳಿದೆ, "ತಪ್ಪು ನನ್ನದು. ಎರಡು ಥರದ ಗಾಜು ಸೇರಿಸಿಬಿಟ್ಟೆ. ಒಗ್ಗಲಿಲ್ಲ, ಒಡೀತು. ಅಷ್ಟೇ."

ಯಾರಾದರೂ ಕೇಳಿಸಿಕೊಂಡರೇ?

"ಹೆರಿಗೆಗೆ ಮುಂಚೆ ಕೈ ಬರಿದು ಮಾಡ್ಕೊಂಡಳಲ್ಲ, ಅದಕ್ಕೇ," ಅಂದರು ಮೂಲೆಯಿಂದ ಒಬ್ಬರು.

"ನಾನು ಆವತ್ತೇ ಅಂದ್ಕೊಂಡೆ," ಅಂದರು ಇನ್ನೊಬ್ಬರು. (ಏನು ಅಂದುಕೊಂಡರು? ತಟ್ಟೆ ಮಾಡುವ ವಿಚಾರವೇ ಆವತ್ತು ಇರಲಿಲ್ಲ!)

ಸ್ಮಿತಾಳ ಅತ್ತೆ ಶಾರದಮ್ಮ ಮಗುವನ್ನು ತೊಟ್ಟಿಲಿನಿಂದ ಎತ್ತಿ ಎದೆಗೊತ್ತಿಕೊಂಡು ಸೊಸೆಗೆ ಹೇಳಿದರು, "ಅಪಶಕುನ. ಇನ್ನು ಆಫೀಸು ಗೀಫೀಸು ಬೇಡಮ್ಮ. ಮಗು ಬಿಟ್ಟು ನೀನು ಹೊಸ್ತಿಲು ದಾಟೋದೇ ಬೇಡ."

ನಾನು ಬೆಚ್ಚಿಬಿದ್ದೆ. ಸ್ಮಿತಾಳ ರಜೆ ಮುಗಿಯುತ್ತ ಬಂದಿತ್ತು. ಮಗುವನ್ನು ನಾನು ನೋಡಿಕೊಳ್ಳುತ್ತೇನೆ, ನೀನು ಕೆಲಸಕ್ಕೆ ಹೋಗು ಅಂತ ಸೀಮಂತದ ದಿನ ಎಲ್ಲರ ಮುಂದೆ ಹೇಳಿದವರು ಇದೇ ಶಾರದಮ್ಮ. ಗಾಜು ಒಡೆದದ್ದು ನನ್ನ ಗೂಡಿನದು, ತಪ್ಪು ನನ್ನದು, ಶಿಕ್ಷೆ ಈ ಹುಡುಗಿಗೆ? ಅವಳ ಗಂಡನ ಕಡೆ ನೋಡಿದೆ. ಆತ ಸೀಲಿಂಗ್ ಫ್ಯಾನಿನ ರೆಕ್ಕೆಗಳನ್ನು ಆಳವಾಗಿ ಅಭ್ಯಾಸ ಮಾಡುತ್ತಿದ್ದ.

ಸ್ಮಿತಾ ಬರಿಗೈಯನ್ನು ಸೆರಗಿನೊಳಗೆ ಎಳೆದುಕೊಂಡಳು. ಅದನ್ನು ನೋಡಿ ನನಗೆ ತಡೆಯಲಾಗಲಿಲ್ಲ. ತಪ್ಪು ನನ್ನದು ಅಂತ ನಾನು ಹೇಳುವುದೇ ಅಪರೂಪ. ಹೇಳಿದ್ದೇನೆ, ಯಾರಿಗೂ ಬೇಡ ಅಂದರೆ ಹೇಗೆ?

ಮುಂದಿನ ಭಾನುವಾರ ಶಾರದಮ್ಮ ಮೊಮ್ಮಗಳನ್ನು ನೋಡಲು ಬಂದಾಗ ನಾನು ಸಾಮಾನು ಕಟ್ಟಿಕೊಂಡು ಮೇಲಿನ ಮಹಡಿ ಹತ್ತಿದೆ. ಒಡೆದ ತಟ್ಟೆಯ ಒಂದು ತುಂಡು. ಸರೋಜಿನಿ ನಗರದ ಬಳೆಯ ಪರೀಕ್ಷೆಯ ತುಂಡು. ನಮ್ಮ ಯಜಮಾನರ ಪೋಲರಾಯ್ಡ್ ತಂಪು ಕನ್ನಡಕ. (ಪಾಲಿಕಾ ಬಜಾರಿನಲ್ಲಿ ಅದೇ ಹೆಸರು ಹೇಳಿ ಮಾರುವುದು ಬರೀ ಕಪ್ಪು ಗಾಜು. ಕೊಳ್ಳುವ ಮೊದಲು ಲ್ಯಾಪ್‌ಟಾಪ್ ಪರದೆಯ ಮುಂದೆ ಹಿಡಿದು ತಿರುಗಿಸಿ. ಒಂದು ಓರೆಯಲ್ಲಿ ಪರದೆ ಕಪ್ಪಾದರೆ ಮಾತ್ರ ಅಸಲಿ.)

ಸ್ಮಿತಾಳ ಆಫೀಸಿನ ಲ್ಯಾಪ್‌ಟಾಪ್ ತೆರೆಸಿ, ಪರದೆ ಪೂರ್ತಿ ಬಿಳಿ ಮಾಡಿಸಿದೆ. ಕನ್ನಡಕವನ್ನು ಶಾರದಮ್ಮನ ಕಣ್ಣ ಮುಂದೆ ಓರೆಯಾಗಿ ಹಿಡಿದೆ.

"ಏನು ಕಾಣತ್ತೆ?"

"ಕಪ್ಪು. ಏನಮ್ಮ ಇದು, ಜಾದೂನಾ?"

ಮೊದಲು ಪರೀಕ್ಷೆಯ ತುಂಡನ್ನು ಪರದೆಗೂ ಕನ್ನಡಕಕ್ಕೂ ನಡುವೆ ಹಿಡಿದೆ. ಕಪ್ಪು ಕಪ್ಪಾಗಿಯೇ ಇತ್ತು. ಆಮೇಲೆ ಒಡೆದ ತಟ್ಟೆಯ ತುಂಡು.

"ಅಯ್ಯೋ!"

ಬಳೆಯ ಸುತ್ತಲೂ, ಗ್ರಹಣ ಹಿಡಿದ ಸೂರ್ಯನ ಸುತ್ತ ಕಾಣುವ ಹಾಗೆ, ಬೆಳ್ಳನೆಯ ಬೆಳಕಿನ ಉಂಗುರ. ಗಾಜಿನೊಳಗಿನ ಜಗ್ಗಾಟ ಹೀಗೆ ಕಾಣುತ್ತದೆ. ತಟ್ಟೆ ಕೊಡುವ ಮೊದಲೇ ಹೀಗೆ ನೋಡಬಹುದಿತ್ತಲ್ಲ ಅಂತೀರಾ? ನೋಡಬಹುದಿತ್ತು. ನೀವು ಮಾಡುವಾಗ ದಯವಿಟ್ಟು ನೋಡಿ. ಬಣ್ಣ ಒಂದೇ, ಊರು ಒಂದೇ ಅಂತ ನಂಬಿದ್ದೆ. ಗಾಜು ಕರಗಿಸುವ ಒಂದು ಭಟ್ಟಿಯ ಮಾಲು ಪಕ್ಕದ ಭಟ್ಟಿಯ ಗಾಜಿಗೇ ಹೊಂದಬೇಕೆಂದಿಲ್ಲ.

"ನೋಡಿ ಶಾರದಮ್ಮ. ಇದು ಬೆಸೆದುಕೊಂಡ ದಿನದಿಂದಲೇ ಒಳಗಿತ್ತು. ಇವಳು ಬಳೆ ಬಿಚ್ಚಿದ್ದಕ್ಕಲ್ಲ. ಹೆರಿಗೆವರೆಗೂ ಕೈಯಲ್ಲೇ ಇದ್ದಿದ್ರೂ, ಆಮೇಲೆ ನಾನು ಇದೇ ಗಾಜಿಗೆ ಸೇರಿಸಿದ್ರೆ ಇದೇ ಆಗ್ತಿತ್ತು."

ಅವರು ಕನ್ನಡಕ ಇಸಿದುಕೊಂಡು ತಾವೇ ತಿರುಗಿಸಿ ತಿರುಗಿಸಿ ನೋಡಿದರು. ವನಜಾ ಅವರ ಹೆಗಲ ಮೇಲಿಂದ ಇಣುಕಿದಳು. ಕೊನೆಗೆ ಕನ್ನಡಕ ಕೆಳಗಿಟ್ಟರು.

"ಸರಿಯಮ್ಮ. ಗಾಜಿನದೇ ತಪ್ಪು. ಒಪ್ಪಿದೆ."

ನಾನು ಗೆದ್ದೆ ಅಂದುಕೊಂಡೆ.

"ಆದ್ರೂ ಕೆಲಸ ಬೇಡ."

ತಟ್ಟೆ ಒಡೆದಾಗ ಆಗದಿದ್ದ ಆಘಾತ ಈಗಾಯಿತು ನನಗೆ. ಅಂದರೆ? ಶಕುನ ಕಾರಣವೇ ಅಲ್ಲವೇ? ಇಷ್ಟು ದಿನ ನಾನು ತಲೆಕೆಡಿಸಿಕೊಂಡು ರಿಪೇರಿ ಮಾಡುತ್ತಿದ್ದದ್ದು ಬೇರೆ ಯಾವುದೋ ಬಿರುಕನ್ನೇ?

ನಾನು ಬಾಯಿ ತೆರೆಯುವ ಮೊದಲೇ ಸ್ಮಿತಾ ಮಾತಾಡಿದಳು. ನಾಮಕರಣದ ದಿನದಿಂದ ಅತ್ತೆಯ ಮುಂದೆ ಅವಳು ಆಡಿದ ಮೊದಲ ಮಾತು.

"ಅತ್ತೆ, ಅಪಶಕುನ ಅಂದ್ರಿ, ನಾನು ಚುಪ್ ಆದೆ. ಶಕುನದ ಜೊತೆ ನಾನು ಕ್ಯಾ ಬೋಲೂಂ, ಏನು ಹೇಳ್ಲಿ? ಈಗ ನೀವು ಬೇಡ ಅಂತಿದೀರ. ನಿಮ್ಮ ಜೊತೆ ಮಾತಾಡಬಹುದಲ್ಲಾ? ಯಾಕೆ ಬೇಡ?"

ಶಾರದಮ್ಮ ಕಿಟಕಿಯ ಕಡೆ ತಿರುಗಿದರು. ಸೆರಗಿನ ತುದಿ ಸುತ್ತಿದರು, ಬಿಚ್ಚಿದರು.

"ಮಂಡಿ," ಅಂದರು ಕೊನೆಗೆ.

"ಹ್ಞಾಂ?"

"ನನ್ನ ಮಂಡಿ ಕಣೇ. ನೆಲಕ್ಕೆ ಕೂತ್ರೆ ಏಳಕ್ಕಾಗಲ್ಲ. ಇಡೀ ದಿನ ಒಬ್ಬಳೇ ಮಗು ಎತ್ಕೊಂಡು ತಿರುಗೋದು ಹೇಗೆ? ನಾನು ನೋಡ್ಕೋತೀನಿ ಅಂತ ಎಲ್ಲರ ಮುಂದೆ ದೊಡ್ಡದಾಗಿ ಹೇಳಿಬಿಟ್ಟೆ. ಈಗ ಆಗಲ್ಲ ಅಂತ ಯಾವ ಮುಖ ಇಟ್ಕೊಂಡು ಹೇಳ್ಲಿ?"

ಮೂವರೂ ಅವರ ಮಂಡಿಯನ್ನೇ ನೋಡಿದೆವು. ಅಲ್ಲಾ, ಆರತಿಯ ನೀರು, ಬರಿಗೈ, ಅಪಶಕುನ, ಹೊಸ್ತಿಲು... ಇಷ್ಟೆಲ್ಲದರ ಹಿಂದೆ ಇದ್ದದ್ದು ಒಂದು ಮಂಡಿ!

"ಇದನ್ನ ಮೊದಲೇ ಹೇಳೋದಲ್ವಾ ಅತ್ತೆ?" ಸ್ಮಿತಾಳಿಗೆ ನಗುವೂ ಬಂತು, ಅಳುವೂ ಬಂತು.

"ನೀನು ಕೇಳಿದೆಯಾ?" ಅಂದರು ಅವರು, ಅತ್ತೆಯ ಗತ್ತು ಒಂದಿಷ್ಟೂ ಬಿಡದೆ.

ಸರಿ, ಇನ್ನು ಉಳಿದದ್ದು ನನ್ನ ಕ್ಷೇತ್ರ. ಕುರ್ಚಿ ಎಳೆದುಕೊಂಡು ಕೂತೆ. ವಾರದಲ್ಲಿ ಅರ್ಧ ದಿನಗಳು ಮಗು ಇಲ್ಲಿ ವನಜಾಳ ಹತ್ತಿರ. ಉಳಿದ ದಿನ ಗುಡಗಾಂವ್‌ನಲ್ಲಿ, ಎತ್ತಿ ಆಡಿಸಲು ಒಬ್ಬ ಆಯಾ. ಶಾರದಮ್ಮ ಕುರ್ಚಿಯಲ್ಲಿ ಕೂತು ಮೇಲ್ವಿಚಾರಣೆ. ಮಗುವನ್ನು ಕರೆತಂದು ಬಿಡುವ ಕೆಲಸ ಸೀಲಿಂಗ್ ಫ್ಯಾನಿನ ವಿದ್ವಾಂಸನದು. ಆಯಾ ಬೇಡ ಅಂತ ಶಾರದಮ್ಮ ಎಳೆದರು, ನಾನು ಬಿಗಿಹಿಡಿದೆ, ಅವರು ಇಳಿದರು. ಮಧ್ಯಾಹ್ನದ ಮಲಗಿಸುವ ಕೆಲಸ ಮಾತ್ರ ಯಾರಿಗೂ ಬಿಟ್ಟುಕೊಡುವುದಿಲ್ಲ ಅಂದರು. ಅದನ್ನು ನಾನು ಬಿಟ್ಟೆ. ಕಾಫಿ ಬರುವಷ್ಟರಲ್ಲಿ ವ್ಯವಹಾರ ಮುಗಿದಿತ್ತು. ಸ್ಮಿತಾ ಈಗ ಬೆಳಗ್ಗೆ ಮಾನೇಸರ್ ಬಸ್ಸು ಹಿಡಿಯುತ್ತಾಳೆ.

ಒಡೆದ ತಟ್ಟೆಯಿಂದ ಬಳೆಗಳನ್ನು ಬಿಡಿಸಲು ಆಗದು. ಮತ್ತೆ ಗೂಡಿಗೆ ಹಾಕಿ ಕೂಡಿಸು ಅಂತ ವನಜಾ ದಿನಾ ಕೇಳುತ್ತಾಳೆ. ನಾನು ಒಪ್ಪಿಲ್ಲ. ಕೂಡುತ್ತದೆ, ಮತ್ತೆ ಒಡೆಯುತ್ತದೆ. ಒಗ್ಗದ ಗಾಜಿಗೆ ಎರಡನೇ ಬೆಂಕಿ ಔಷಧವಲ್ಲ.

ಮನುಷ್ಯರ ವಿಷಯ ಹಾಗಲ್ಲ, ಪುಣ್ಯಕ್ಕೆ. ಅಲ್ಲಿ ಒಳಗಿನ ಎಳೆತ ಕಾಣಲು ಕನ್ನಡಕವೂ ಬೇಕಿಲ್ಲ, ಲ್ಯಾಪ್‌ಟಾಪೂ ಬೇಕಿಲ್ಲ. ಕೇಳಿದರೆ ಸಾಕು.

ಅಂದ ಹಾಗೆ, ನಿಮ್ಮ ಮನೆಯಲ್ಲಿ ಕಳೆದ ಸಲ ‘ಅಪಶಕುನ’ ಅಂದರಲ್ಲ, ಅವರ ಮಂಡಿ ಹೇಗಿದೆ?