ಹಳೇ ಊರಿನ ಮೇಲೆ ವಾಲಿದ ಲಾಂಚ್

ತೊಂಬತ್ತರ ದಶಕ ಮುಗಿಯುತ್ತಾ ಬಂದಿತ್ತು. ನನ್ನ ಮಗಳು ಶಿಲ್ಪಾ ಒಂದನೇ ಕ್ಲಾಸಿಗೆ ಸೇರಿದ ವರ್ಷ. ಆಗ ನಾನು ಹಗರಿಬೊಮ್ಮನಹಳ್ಳಿಯಲ್ಲಿ ಒಂದು ದಿನಪತ್ರಿಕೆಗೆ ಸುದ್ದಿ ಬರೆಯುತ್ತಿದ್ದೆ. ನಮ್ಮ ಭಾಗದ ಹಿನ್ನೀರಿಗೆ ಮೊದಲ ಬಾರಿಗೆ ಯಂತ್ರದ ಲಾಂಚ್ ಇಳಿದದ್ದು ಅದೇ ಮಳೆಗಾಲದಲ್ಲಿ.

ತುಂಗಭದ್ರಾ ಅಣೆಕಟ್ಟಿನ ಹಿನ್ನೀರು ತುಂಬಿದರೆ ನಮಗೂ ಕೊಪ್ಪಳದ ಕಡೆಯ ಊರುಗಳಿಗೂ ನಡುವೆ ದೊಡ್ಡ ಕೆರೆಯೇ ನಿಂತಂತೆ. ಎದುರು ದಡ ಕಣ್ಣಿಗೆ ಕಾಣುತ್ತಿದ್ದರೂ ಬಸ್ಸಿನಲ್ಲಿ ಹೊಸಪೇಟೆ ಸುತ್ತಿ ಹೋಗಬೇಕು. ಇಲ್ಲವೇ ಹರಿಗೋಲು ಹತ್ತಬೇಕು. ಗಾಳಿ ಎದ್ದ ದಿನ ಹರಿಗೋಲಿನವರು ದಡದಲ್ಲೇ ಬೀಡಿ ಸೇದುತ್ತಾ ಕೂರುತ್ತಿದ್ದರು.

ಇದನ್ನು ನೋಡಿ ಲಾಂಚ್ ಮಾಡಲು ಹೊರಟವರು ಬಸಣ್ಣ. ಕೊಟ್ಟೂರಿನವರು. ನಮ್ಮೂರಿನಲ್ಲಿ ವೆಲ್ಡಿಂಗ್ ಅಂಗಡಿ ಇಟ್ಟು ಟ್ರ್ಯಾಕ್ಟರ್ ಟ್ರಾಲಿ ಮಾಡುತ್ತಿದ್ದರು. ಟ್ರಾಲಿಗೆ ಹಾಕುವ ಕಬ್ಬಿಣದ ಶೀಟನ್ನೇ ಬಗ್ಗಿಸಿ ದೋಣಿಯ ಮೈ ಮಾಡಿದರು. ದಾವಣಗೆರೆಯ ಗುಜರಿಯಿಂದ ಹಳೇ ಲಾರಿಯ ಡೀಸೆಲ್ ಎಂಜಿನ್ ತಂದರು. ಬೆಸುಗೆ ಎಲ್ಲಾದರೂ ಸೋರುತ್ತದೆಯೇ ಎಂದು ನೋಡಲು ಹೊರಗೆ ಸುಣ್ಣ ಬಳಿದು, ಒಳಗಿನಿಂದ ಸೀಮೆಎಣ್ಣೆ ಸವರಿದರು. ಸುಣ್ಣದ ಮೇಲೆ ಕಲೆ ಮೂಡಿದ ಕಡೆ ಮತ್ತೆ ಬೆಸುಗೆ. ಎದುರಿನ ಚಹಾ ಅಂಗಡಿಯಲ್ಲಿ ಕುಳಿತವರಿಗೆ ಅದೊಂದು ದಿನನಿತ್ಯದ ತಮಾಷೆಯಾಗಿತ್ತು.

"ಲೇ ಬಸ್ಯಾ, ಗಾಲಿ ಹಚ್ಚೋದ ಮರತೀಯಲ್ಲೋ!"

"ನೀ ಮೊದಲನೇ ದಿನ ಹತ್ತು, ನಿನ್ನ ಕೊರಳಿಗೇ ಗಾಲಿ ಕಟ್ತೀನಿ" ಎಂದು ಬಸಣ್ಣ ಕನ್ನಡಕ ತೆಗೆಯದೆ ಉತ್ತರ ಕೊಡುತ್ತಿದ್ದರು.

ದೋಣಿಯ ಅಗಲ ಕಡಿಮೆಯಾಯಿತಲ್ಲವೇ ಎಂದು ನಾನು ಒಮ್ಮೆ ಕೇಳಿದ್ದೆ.

"ಅಗಲ ಮಾಡಿದ್ರ ಎಮ್ಮಿ ಆಗತೈತ್ರಿ ಸರ. ನನಗ ಕುದುರಿ ಬೇಕು" ಎಂದರು. ಆ ಮಾತನ್ನು ನಾನು ಹಾಗೇ ವರದಿಯಲ್ಲಿ ಬರೆದೆ. ಜನ ಅದನ್ನು ಕುದುರಿ ಲಾಂಚ್ ಎಂದೇ ಕರೆದರು. ಓಟವೂ ಹಾಗೇ ಇತ್ತು. ಹರಿಗೋಲು ನಡುನೀರು ಮುಟ್ಟುವಷ್ಟರಲ್ಲಿ ಲಾಂಚ್ ಆಚೆ ದಡ ಮುಟ್ಟಿ, ಜನರನ್ನು ಇಳಿಸಿ, ಹಿಂದಿರುಗಿ ಬರುತ್ತಿತ್ತು.

ಆ ನಡುನೀರಿನ ಬಗ್ಗೆ ಒಂದು ಮಾತು ಹೇಳಬೇಕು. ಅಣೆಕಟ್ಟು ಕಟ್ಟಿದಾಗ ಮುಳುಗಿದ ಹಳ್ಳಿಗಳಲ್ಲಿ ಒಂದು ಅಲ್ಲೇ ಕೆಳಗಿತ್ತು. ಆ ಊರಿನವರಿಗೆ ಎತ್ತರದ ಜಾಗದಲ್ಲಿ ಹೊಸ ಊರು ಕೊಟ್ಟಿದ್ದರು. ಆದರೆ ಅವರ ಹನುಮಪ್ಪನ ಗುಡಿ ನೀರಲ್ಲೇ ಉಳಿದಿತ್ತು. ಬೇಸಿಗೆಯಲ್ಲಿ ನೀರು ಇಳಿದರೆ ಗುಡಿಯ ಕಂಬಗಳು ಹೊರಗೆ ಬರುತ್ತವೆ. ಹರಿಗೋಲಿನಲ್ಲಿ ಹೋಗುವಾಗ ಆ ಊರಿನವರು ಗುಡಿಯ ಕಡೆ ಹೂ ಬಿಡುವ ವಾಡಿಕೆ. ಅಂಬಿಗ ಹುಟ್ಟು ಹಾಕುವುದು ನಿಲ್ಲಿಸಿ ಹರಿಗೋಲನ್ನು ಒಂದು ಸುತ್ತು ತಿರುಗಿಸುತ್ತಿದ್ದ. ಕುಳಿತವರು ಕುಳಿತಲ್ಲೇ, ತಮ್ಮ ಸರದಿ ಬಂದಾಗ ಹೂ ಬಿಟ್ಟು ಕೈ ಮುಗಿಯುತ್ತಿದ್ದರು. ಲಾಂಚಿಗೆ ಹಾಗೆ ತಿರುಗುವ ರೂಢಿ ಇರಲಿಲ್ಲ. ದಿನಕ್ಕೊಬ್ಬರೋ ಇಬ್ಬರೋ ಎದ್ದು ಹೂ ಎಸೆದರೆ ಯಾರಿಗೂ ತಿಳಿಯುತ್ತಲೂ ಇರಲಿಲ್ಲ.

ಆ ದಿನ ಲಾಂಚಿನ ತುಂಬ ಅದೇ ಊರಿನವರಿದ್ದರು. ಎದುರು ದಡದ ಹಳ್ಳಿಯಲ್ಲಿ ನಿಶ್ಚಿತಾರ್ಥ. ನಾನು ಮಗಳನ್ನು ಕರೆದುಕೊಂಡು ಆ ಕಡೆ ಇದ್ದ ನನ್ನ ತಂಗಿಯ ಮನೆಗೆ ಹೊರಟಿದ್ದೆ. ದೋಣಿಯ ಎರಡೂ ಅಂಚಿಗೆ ಉದ್ದಕ್ಕೆ ಬೆಂಚುಗಳು, ಜನ ಎದುರುಬದುರು ಕೂರಬೇಕು. ನಮ್ಮೆದುರು, ಮುಳುಗಿದ ಆ ಊರಲ್ಲೇ ಹುಟ್ಟಿದ ಹನುಮವ್ವ ಎಂಬ ಅಜ್ಜಿ ಮಡಿಲ ತುಂಬ ಹಡಗಲಿ ಮಲ್ಲಿಗೆ ಇಟ್ಟುಕೊಂಡು ಕುಳಿತಿದ್ದಳು.

"ಬಾರs ಕೂಸs, ನನ್ನ ತವರುಮನಿ ತೋರಿಸ್ತೀನಿ" ಎಂದು ಶಿಲ್ಪಾಳನ್ನು ಕರೆದಳು. ಮಗಳು ನನ್ನ ಮುಖ ನೋಡಿದಳು. ಹೋಗು ಎಂದೆ.

ಗಾಳಿ ಸ್ವಲ್ಪ ಹೆಚ್ಚೇ ಇತ್ತು. ಹಳೇ ಊರು ಹತ್ತಿರವಾದಾಗ ಯಾರೋ "ಹನುಮಪ್ಪ ಬಂದಾ" ಎಂದರು. ಅಷ್ಟೇ. ನನ್ನ ಬೆಂಚಿನಲ್ಲಿದ್ದವರೆಲ್ಲ ಒಟ್ಟಿಗೆ ಎದ್ದು ಎದುರಿನ ಅಂಚಿಗೆ ಹೋದರು. ಆ ಬೆಂಚಿನವರು ಹೊರಗೆ ಬಗ್ಗಿದರು. ಆ ಊರಿನವನಲ್ಲದ ನಾನೊಬ್ಬನೇ ಕುಳಿತಲ್ಲೇ ಉಳಿದೆ.

ದೋಣಿ ವಾಲಿತು. ನನ್ನ ಬೆಂಚು ಮೇಲೆದ್ದಿತು, ಎದುರಿನ ಅಂಚು ನೀರಿನ ಮಟ್ಟಕ್ಕೆ ಹೋಯಿತು. ಒಂದು ಅಲೆ ಅಂಚು ದಾಟಿ ಒಳಗೆ ಸುರಿಯಿತು. ಹಿಂದುಗಡೆ ಚುಕ್ಕಾಣಿ ಹಿಡಿದಿದ್ದ ಬಸಣ್ಣ ಎಂಜಿನ್ ಬಂದ್ ಮಾಡಿದರು. ಸದ್ದು ನಿಂತಾಗ ನೀರು ಒಳಗೆ ಬೀಳುವುದು ಕೇಳಿಸತೊಡಗಿತು.

ಶಿಲ್ಪಾ ಆ ಅಂಚಿನ ನಟ್ಟನಡುವೆ, ಅಜ್ಜಿಯ ತೋಳಿನಲ್ಲಿದ್ದಳು. ಅವಳ ಪಾದ ನೀರಿನಲ್ಲಿತ್ತು. ನಾನು ಎದ್ದೆ.

"ಪೇಪರ್ ಸರs, ಏಳಬ್ಯಾಡ್ರಿ!" ಬಸಣ್ಣ ಕೂಗಿದರು. "ಆ ಕಡಿ ನೀವೊಬ್ರೇ ಅದೀರಿ. ನೀವು ಬಂದ್ರ ದೋಣಿ ಮಗಚತೈತಿ. ಅಂಚು ಹಿಡಕೊಂಡು ಹಿಂದಕ ಜೋತು ಬೀಳ್ರಿ!"

ನಾನು ಕುಳಿತೆ. ಬೆನ್ನ ಹಿಂದಿನ ಕಬ್ಬಿಣದ ಅಂಚನ್ನು ಎರಡೂ ಕೈಯಿಂದ ಹಿಡಿದು ಹಿಂದಕ್ಕೆ ಭಾರ ಬಿಟ್ಟೆ. ನನಗೆ ಈಜು ಬರುವುದಿಲ್ಲ. ಮಗಳಿಗೂ ಬರುವುದಿಲ್ಲ.

ಅಷ್ಟರಲ್ಲಿ ಜನರಿಗೆ ಅಪಾಯ ತಿಳಿದು, ಎಲ್ಲರೂ ಒಮ್ಮೆಲೇ ಈ ಕಡೆ ಬರಲು ತಿರುಗಿದರು. ದೋಣಿ ಒಮ್ಮೆ ಜೋರಾಗಿ ನಡುಗಿತು.

"ಯಾರೂ ಅಲಗಾಡಬ್ಯಾಡ್ರಿ! ಎಲ್ಲಾರೂ ಕೂಡಿ ಬಂದ್ರ ಆ ಕಡಿ ಮಗಚತೈತಿ. ಇದ್ದಲ್ಲೇ ಕುಂದರ್ರಿ. ನಾ ಕರದೋರು ಒಬ್ಬೊಬ್ರೇ ಬರ್ರಿ, ಅಂಬೆಗಾಲಿಟ್ಟು."

ತುದಿಗಳಲ್ಲಿ ದೋಣಿ ಕಿರಿದು, ದಾಟುವ ದೂರ ಕಡಿಮೆ ಎಂದು ಬಸಣ್ಣ ಮುಂದಿನ ತುದಿಯಿಂದ ಒಬ್ಬರನ್ನು, ಹಿಂದಿನ ತುದಿಯಿಂದ ಒಬ್ಬರನ್ನು ಕರೆಯತೊಡಗಿದರು. ಹೆಸರು ಗೊತ್ತಿಲ್ಲದವರನ್ನು "ಕೆಂಪು ರುಮಾಲಿನ ಯಜಮಾನ್ರ", "ಹಸರು ಸೀರಿ ತಂಗಿ" ಎಂದು ಕರೆದರು. ಅಂದರೆ ನಡುವೆ ಇದ್ದವರ ಸರದಿ ಎಲ್ಲರಿಗಿಂತ ಕೊನೆಗೆ. ಇದು ಅರ್ಥವಾದಾಗ ನಾನು ಅಂಚನ್ನು ಇನ್ನಷ್ಟು ಬಿಗಿಯಾಗಿ ಹಿಡಿದೆ.

ಒಬ್ಬೊಬ್ಬರು ದಾಟುವಾಗಲೂ ದೋಣಿ ಒಂದಿಷ್ಟು ಅಲುಗುತ್ತಿತ್ತು, ಮತ್ತಷ್ಟು ನೀರು ಬರುತ್ತಿತ್ತು. ಮಗಳ ಮೊಣಕಾಲಿನವರೆಗೂ ನೀರು ಬಂತು. ಸುತ್ತಲೂ ಮಲ್ಲಿಗೆ ತೇಲುತ್ತಿತ್ತು. ಯಾರೋ ಅಳುತ್ತಿದ್ದರು. ಹನುಮವ್ವ ಮಾತ್ರ ಕೂಗಿದಳು:

"ಏ ಬಸಣ್ಣ, ಈ ಕೂಸಿನ್ನ ಮೊದಲು ತಗೊಳ್ಳೋ! ನಂದೇನೈತಿ? ಬಿದ್ರ ನೇರ ತವರುಮನಿ ಅಂಗಳಕ್ಕs ಬೀಳ್ತೀನಿ."

"ನೀ ಸುಮ್ನ ಕುಂದ್ರs ಬೇ. ಕೂಸಿನ್ನ ಬಿಟ್ರ ನಿನ್ನ ತವರುಮನ್ಯಾಗೂ ಒಳಗ ಬಿಟ್ಕೊಳ್ಳಲ್ಲ" ಎಂದರು ಬಸಣ್ಣ. ಒಬ್ಬಿಬ್ಬರು ನಕ್ಕರು.

ಎಷ್ಟು ಹೊತ್ತು ಹೀಗಿತ್ತು ಎಂದು ಆಮೇಲೆ ಒಬ್ಬೊಬ್ಬರು ಒಂದೊಂದು ಹೇಳಿದರು. ನಾನು ಗಡಿಯಾರ ನೋಡಲಿಲ್ಲ. ನನ್ನ ಕಣ್ಣು ಮಗಳ ಮೇಲಿಂದ ಸರಿದರೆ ಅವಳು ಇರುವುದಿಲ್ಲ ಎಂಬ ಒಂದೇ ಯೋಚನೆ ನನಗಿತ್ತು. ಅವಳೂ ನನ್ನನ್ನೇ ನೋಡುತ್ತಿದ್ದಳು. ಅಳಲಿಲ್ಲ.

ನನ್ನ ಬೆಂಚು ನಿಧಾನವಾಗಿ ಇಳಿಯಿತು, ಎದುರಿನದು ಮೇಲೆದ್ದಿತು. ಕೊನೆಗೆ ಹನುಮವ್ವ ಕುಳಿತಲ್ಲಿಂದಲೇ ಶಿಲ್ಪಾಳನ್ನು ನೀರಿನಲ್ಲಿ ನಡೆಸಿ ನನ್ನ ಕಡೆ ಕಳಿಸಿದಳು. ಅವಳು ನನ್ನ ಮೊಣಕಾಲು ಹಿಡಿದಳು. ಅವಳನ್ನು ಎತ್ತಿಕೊಳ್ಳಲು ನನ್ನ ಕೈ ಬರಲಿಲ್ಲ. ಬೆರಳುಗಳು ಅಂಚಿನ ಮೇಲೆ ಹಾಗೇ ಬಿಗಿದಿದ್ದವು. ಬಸಣ್ಣ ಬಂದು ಒಂದೊಂದೇ ಬೆರಳು ಬಿಡಿಸಿದರು. ಅಂಗೈಗೆ ಬೆಸುಗೆಯ ಗಂಟು ಊರಿ ರಕ್ತ ಬಂದಿತ್ತು. ನನಗೆ ಅದು ಗೊತ್ತೇ ಆಗಿರಲಿಲ್ಲ.

ಕೊಡ, ತಪ್ಪಲೆ, ಟೋಪಿ, ಸಿಕ್ಕಿದ್ದರಲ್ಲಿ ನೀರು ಮೊಗೆದು ಚೆಲ್ಲಿ, ಎಂಜಿನ್‌ಗೆ ನೀರು ಹೊಕ್ಕಿದ್ದರಿಂದ ಹುಟ್ಟು ಹಾಕುತ್ತಾ ದಡ ಸೇರಿದೆವು.

ಆಮೇಲೆ ಬಸಣ್ಣ ಲಾಂಚನ್ನು ಅಂಗಡಿಗೆ ತಂದು, ಎರಡೂ ಪಕ್ಕಕ್ಕೆ ಖಾಲಿ ಡ್ರಮ್ಮುಗಳನ್ನು ಬೆಸೆದರು. ಓಟ ತಗ್ಗಿತು. "ಕುದುರಿ ಎಮ್ಮಿ ಆತಲ್ಲೋ ಬಸ್ಯಾ" ಎಂದು ಚಹಾ ಅಂಗಡಿಯವರು ರೇಗಿಸಿದರು. ಬಸಣ್ಣ ಹಳೇ ಊರಿನ ಮೇಲೆ ಬಂದಾಗ ಎಂಜಿನ್ ನಿಧಾನ ಮಾಡಿ, ಹರಿಗೋಲಿನ ಹಾಗೆ ಒಂದು ಸುತ್ತು ತಿರುಗಿಸಿಯೇ ಮುಂದೆ ಹೋಗುತ್ತಿದ್ದರು. ಕುಳಿತವರು ಕುಳಿತಲ್ಲೇ ಹೂ ಬಿಡುತ್ತಿದ್ದರು. ಕೆಲವು ವರ್ಷ ಹೀಗೇ ನಡೆಯಿತು. ಎರಡು ಸಾವಿರದ ನಂತರ ಮಳೆ ಕೈಕೊಟ್ಟು ಹಿನ್ನೀರು ಹಿಂದೆ ಸರಿದಾಗ ಲಾಂಚ್ ಕೆಸರಿನಲ್ಲಿ ನಿಂತಿತು. ಮತ್ತೆ ನೀರಿಗೆ ಇಳಿಯಲಿಲ್ಲ.

ನಾನು ಎದ್ದು ಬರಲಿಲ್ಲವಲ್ಲ ಎಂಬುದನ್ನು ಮಗಳು ಹೇಗೆ ನೆನಪಿಟ್ಟುಕೊಂಡಿದ್ದಾಳೋ ಎಂಬ ಅಂಜಿಕೆ ಬಹಳ ವರ್ಷ ನನ್ನಲ್ಲಿತ್ತು. ಅವಳು ಕಾಲೇಜಿಗೆ ಹೋಗುವಾಗ ಒಮ್ಮೆ ಧೈರ್ಯ ಮಾಡಿ ಕೇಳಿದೆ.

"ನೆನಪೈತಪ್ಪ" ಎಂದಳು. "ನೀನು ಎದುರಿಗೇ ಕುಂತಿದ್ದಿ. ಮನ್ಯಾಗ ಪೇಪರ್ ಓದ್ತಾ ಕುಂದರ್ತೀಯಲ್ಲ, ಹಂಗ. ಅಪ್ಪಗs ಅಂಜಿಕಿ ಇಲ್ಲ, ನಾ ಯಾಕ ಅಂಜಬೇಕು ಅಂತ ಸುಮ್ಮನಿದ್ದೆ."

ಅಂದು ಲಾಂಚಿನಲ್ಲಿ ಅವಳು ಕುಳಿತ ಜಾಗದಿಂದ ನನ್ನ ಮುಖ ಮಾತ್ರ ಕಾಣುತ್ತಿತ್ತು. ಕೈಗಳು ಬೆನ್ನ ಹಿಂದೆ ಇದ್ದವು.