ಆಶೀರ್ವಾದ ಮುಗಿದ ಕೂಡಲೇ ಓಡುತ್ತಿದ್ದವಳು

"ನಿನ್ನ ಅಂಗಡಿ ಎಲ್ಲಿ?"

ಮಲಾವಿ ದೇಶಕ್ಕೆ ಬಂದಿಳಿದ ಮೂರನೆಯ ದಿನ, ಸಂತೆಯಲ್ಲಿ ಟೊಮೇಟೊ ಮಾರುತ್ತಿದ್ದ ಮುದುಕಿಯೊಬ್ಬಳು ನನ್ನನ್ನು ಕೇಳಿದ ಪ್ರಶ್ನೆ ಇದು. ಅಂಗಡಿ ಇಲ್ಲ ಎಂದೆ. ಅವಳು ನನ್ನ ಸೀರೆಯನ್ನು ಮೇಲಿಂದ ಕೆಳಗೆ ನೋಡಿ, "ಅಯ್ಯೋ, ನಿನ್ನ ಗಂಡ ಅದನ್ನು ಹೇಗೆ ಕಳೆದುಕೊಂಡ?" ಎಂದು ಮರುಕಪಟ್ಟಳು. ಮಾತನ್ನು ಇಂಗ್ಲಿಷಿಗೆ ತಿರುಗಿಸುತ್ತಿದ್ದ, ಇಲ್ಲಿನ ಚರ್ಚಿನ ಸಭೆಯ ಹೆಂಗಸು ನಗು ತಡೆಯಲಾರದೆ ಅತ್ತ ತಿರುಗಿದಳು. ಇಲ್ಲಿ ಭಾರತೀಯರೆಂದರೆ 'ಮ್ವೆನ್ಯೆ'. ತಲೆಮಾರುಗಳಿಂದ ಪೇಟೆಯಲ್ಲಿ ಬಟ್ಟೆ, ದಿನಸಿ ಮಾರುತ್ತಾ ಬಂದ ನಮ್ಮವರನ್ನು ಚಿಚೇವಾ ಭಾಷೆಯಲ್ಲಿ ಕರೆಯುವುದೇ ಹಾಗೆ. ಕೌಂಟರಿನ ಹಿಂದೆ ಕೂತಿರದ ಮ್ವೆನ್ಯೆಯನ್ನು ಆ ಮುದುಕಿ ಕಂಡಿರಲಿಲ್ಲ. ಲಿಂಗರಾಜಪುರದ ನಮ್ಮ ಚರ್ಚಿನಲ್ಲಿ ನೀವೆಲ್ಲ ಮಿಷನರಿ ಎಂದು ಹಾರ ಹಾಕಿ ಕಳಿಸಿದ್ದಿರಿ. ಮೂರೇ ದಿನದಲ್ಲಿ ನಾನು ದಿವಾಳಿಯೆದ್ದ ಅಂಗಡಿಯವನ ಹೆಂಡತಿಯಾಗಿದ್ದೆ.

ನಾವು ಬಂದದ್ದು ಎರಡು ವರ್ಷಕ್ಕೆ. ನನ್ನವರು ಪ್ರಭಾಕರ್ ಇಲ್ಲಿನ ಸಭೆಯ ತರಬೇತಿ ಶಾಲೆಯಲ್ಲಿ ವೈರಿಂಗ್ ಕೆಲಸ ಕಲಿಸಬೇಕು, ನಾನು ಹೆಂಗಸರಿಗೆ ಹೊಲಿಗೆ ಕಲಿಸಬೇಕು. ಎರಡು ವರ್ಷದ ಕೊನೆಗೆ ಇಲ್ಲಿನ ಹಿರಿಯರು 'ಇವರು ನಮಗೆ ಬೇಕು' ಎಂದು ಪತ್ರ ಬರೆದರೆ ಮಾತ್ರ ಮುಂದುವರಿಯಬಹುದು. ಬರೆಯದಿದ್ದರೆ ಗಂಟುಮೂಟೆ ಕಟ್ಟಬೇಕು. ಬೆಂಗಳೂರಿನಲ್ಲಿ ಆ ಷರತ್ತನ್ನು ಕೇಳಿ ನಾನು ನಕ್ಕಿದ್ದೆ. ಶಿವಾಜಿನಗರದಲ್ಲಿ ಹೊಲಿಗೆ ಅಂಗಡಿ ಇಟ್ಟಿದ್ದ ಖಾಲಾ ಒಬ್ಬರ ಹತ್ತಿರ ಏಳು ವರ್ಷ ಪಳಗಿದ ಕೈ ನನ್ನದು, ಯಾರು ತಾನೇ ಬೇಡ ಎಂದಾರು ಎಂಬ ಜಂಬ.

ಮನೆ ಕಷ್ಟವಾಗಲಿಲ್ಲ. ಎರಡು ಕೋಣೆ, ತಗಡಿನ ಸೂರು, ಅಂಗಳದಾಚೆ ಕೈಪಂಪು. ರಾಮಮೂರ್ತಿ ನಗರದ ಬಾಡಿಗೆ ಮನೆಯಲ್ಲಿ ಟ್ಯಾಂಕರಿಗಾಗಿ ಕಾದು ಕೂತವಳಿಗೆ ಒತ್ತಿದರೆ ನೀರು ಬರುವ ಪಂಪು ದೊಡ್ಡ ಭಾಗ್ಯವೇ. ಊಟವೂ ಅಷ್ಟೇ. ಇಲ್ಲಿ ದಿನವೂ ಮೆಕ್ಕೆಜೋಳದ ಹಿಟ್ಟಿನ 'ನ್ಸಿಮಾ'. ಮೊದಲ ಸಲ ಅದನ್ನು ನೋಡಿ ನನ್ನವರು, "ನಮ್ಮ ಮುದ್ದೆಗೆ ಯಾರೋ ಸುಣ್ಣ ಹೊಡ್ದಿದಾರೆ ಕಣೆ" ಎಂದರು. ಆಮೇಲೆ ಅಭ್ಯಾಸಬಲದಿಂದ ಅಗಿಯದೆ ನುಂಗತೊಡಗಿದಾಗ ನಮ್ಮನ್ನು ಊಟಕ್ಕೆ ಕರೆದಿದ್ದ ಮನೆಯವರೆಲ್ಲ ಊಟ ಬಿಟ್ಟು ಅವರ ಗಂಟಲನ್ನೇ ನೋಡಿದರು.

ಕಷ್ಟವಾದದ್ದು ಹೊಲಿಗೆ ತರಗತಿ. ಮೊದಲ ವಾರ ಹದಿನಾಲ್ಕು ಜನ ಹೆಂಗಸರು ಬಂದರು. ಇಲ್ಲಿ ಮಳೆಗಾಲ ಹಿಡಿಯುವ ನವೆಂಬರಿನ ಹೊತ್ತಿಗೆ ಆರು, ಕ್ರಿಸ್ಮಸ್ ಕಳೆದ ಮೇಲೆ ಇಬ್ಬರು. ದಾರಿಯಲ್ಲಿ ಸಿಕ್ಕರೆ ನಗುತ್ತಿದ್ದರು, ಕ್ಷೇಮ ಕೇಳುತ್ತಿದ್ದರು, ತರಗತಿಗೆ ಮಾತ್ರ ಬರುತ್ತಿರಲಿಲ್ಲ. ನಮ್ಮ ಕಂಟೋನ್ಮೆಂಟಿನಲ್ಲಿ ಯಾರಿಗಾದರೂ ನಮ್ಮ ಮೇಲೆ ಕೋಪ ಬಂದರೆ ಗೇಟಿನ ಮುಂದೆಯೇ ತಮಿಳು, ದಖ್ಖನಿ, ಕನ್ನಡ ಮೂರರಲ್ಲೂ ಗೊತ್ತಾಗುತ್ತದೆ. ಇಲ್ಲಿ ಮರ್ಯಾದೆಯೇ ಬೇರೆ. ಮನಸ್ಸು ನೊಂದವರು ದನಿಯೆತ್ತುವುದಿಲ್ಲ, ಸುಮ್ಮನೆ ದೂರ ಸರಿಯುತ್ತಾರೆ.

"ನಾನು ಕಲಿಸೋದು ಸರಿಯಿಲ್ವೇನ್ರೀ?" ಎಂದು ಒಂದು ದಿನ ನನ್ನವರನ್ನು ಕೇಳಿದೆ.

"ನನ್ನ ಕೇಳಿದ್ರೆ? ಅವರನ್ನೇ ಹೋಗಿ ಕೇಳು."

ಅವರು ಎಂದರೆ ಅಮಾಯಿ ಫಿರಿ, ಸಭೆಯ ಮಹಿಳಾ ಸಂಘದ ಹಿರಿಯೆ. ಅಮಾಯಿ ಎಂದರೆ ಇಲ್ಲಿ ಅಮ್ಮ. ಅವರ ಜಗಲಿಯಲ್ಲಿ ಕೂತು ಇಬ್ಬರೂ ಕಡಲೆಕಾಯಿ ಸುಲಿದೆವು. ಒಂದು ಮೊರ ತುಂಬುವವರೆಗೆ ಅವರು ಮಳೆ, ಕೋಳಿ, ಮಗಳ ಬಾಣಂತನದ ವಿಷಯವನ್ನೇ ಆಡಿದರು. ಕೊನೆಗೆ ನನ್ನ ಮುಖ ನೋಡದೆ, "ನಮ್ಮ ಕೈ ಮುಟ್ಟಲು ನಿಮಗೆ ಹೇಸಿಗೆಯೇ?" ಎಂದು ಕೇಳಿದರು.

"ಹೇಸಿಗೆಯೇ? ಯಾಕೆ ಹಾಗೆ ಕೇಳುತ್ತೀರಿ?" ಎಂದೆ.

"ಭಾನುವಾರ ನೀವು ಓಡಿಹೋಗುತ್ತೀರಿ. ತರಗತಿಯಲ್ಲಿ ಕತ್ತರಿ ಕೊಡುವಾಗ ಮೇಜಿನ ಮೇಲೆ ಇಡುತ್ತೀರಿ. ನಾವು ಕೈ ಚಾಚಿರುತ್ತೇವೆ, ನೀವು ಮೇಜಿನ ಮೇಲೆ ಇಡುತ್ತೀರಿ."

ಭಾನುವಾರದ ಮಾತು ನಿಜ. ನಮ್ಮ ಚರ್ಚು ನಿಮಗೆ ಗೊತ್ತಲ್ಲ, ಕನ್ನಡ ಆರಾಧನೆ ಎಂಟೂವರೆಗೆ ಮುಗಿಯಬೇಕು, ಬೆನ್ನಿಗೇ ತಮಿಳಿನವರು ಬರುತ್ತಾರೆ. ಆಶೀರ್ವಾದಕ್ಕೆ ಆಮೆನ್ ಹೇಳುವಾಗಲೇ ಸ್ಕೂಟರಿನ ಕೀಲಿ ನಮ್ಮ ಕೈಯಲ್ಲಿರುತ್ತದೆ. ಆ ಅಭ್ಯಾಸವನ್ನು ನಾನು ಸಮುದ್ರ ದಾಟಿಸಿ ತಂದಿದ್ದೆ. ಇಲ್ಲಿ ಆಶೀರ್ವಾದ ಮುಗಿದ ಮೇಲೆ ಇನ್ನೊಂದು ಆರಾಧನೆಯೇ ಇದೆ. ಹಾಡುತ್ತಾ ಒಬ್ಬೊಬ್ಬರಾಗಿ ಹೊರಗೆ ಬಂದು, ಅಲ್ಲಿ ನಿಂತವರೆಲ್ಲರ ಕೈ ಕುಲುಕಿ, ತಾವೂ ಸಾಲಿನ ಕೊನೆಯಲ್ಲಿ ನಿಲ್ಲುತ್ತಾರೆ. ಸಾಲು ಬೇವಿನ ಮರ ದಾಟಿ ರಸ್ತೆಯವರೆಗೂ ಬೆಳೆಯುತ್ತದೆ. ಒಬ್ಬರ ಕೈಯೂ ಬಿಟ್ಟುಹೋಗುವುದಿಲ್ಲ. ಆ ಹೊತ್ತಿಗೆ ನಾನು ಪಕ್ಕದ ಬಾಗಿಲಿನಿಂದ ಹೊರಬಿದ್ದು, ಮನೆ ಸೇರಿ ಒಲೆಗೆ ಇದ್ದಿಲು ಹಾಕುತ್ತಿದ್ದೆ. ಸಾಲಿನಲ್ಲಿ ನನ್ನವರು ಒಬ್ಬರೇ.

ಆದರೆ ಮೇಜಿನ ಮಾತು? ಹಾಗೆ ಇಡುತ್ತೇನೆಂಬುದೇ ನನಗೆ ಗೊತ್ತಿರಲಿಲ್ಲ. ಕಡಲೆಕಾಯಿ ಸುಲಿಯುತ್ತಿದ್ದಂತೆ ನನ್ನ ಅಜ್ಜಿ ನೆನಪಾದಳು.

ಕೆ.ಆರ್. ಪುರದಾಚೆಯ, ಈಗ ಅಪಾರ್ಟ್‌ಮೆಂಟುಗಳೆದ್ದಿರುವ ಒಂದು ಹಳ್ಳಿಯವಳು ಅವಳು. ಅಲ್ಲಿನ ಅಂಗಡಿಯವನು ನಮ್ಮ ಕೇರಿಯವರ ಕೈಯಿಂದ ಕಾಸು ತೆಗೆದುಕೊಳ್ಳುತ್ತಿರಲಿಲ್ಲ. ಹಲಗೆಯ ಮೇಲೆ ಇಡಬೇಕು, ಅವನು ಉಪ್ಪನ್ನು ಮೇಲಿನಿಂದ ಸೆರಗಿಗೆ ಸುರಿಯುತ್ತಿದ್ದ. ಅಜ್ಜಿ ಲಿಂಗರಾಜಪುರಕ್ಕೆ ಬಂದು ಎಷ್ಟೋ ವರ್ಷವಾದ ಮೇಲೂ ಕಿರಾಣಿ ಅಂಗಡಿಯ ಕೌಂಟರಿನ ಮೇಲೇ ದುಡ್ಡು ಇಡುತ್ತಿದ್ದಳು. "ಕೈಗೇ ಕೊಡು ಅಜ್ಜಿ, ಇಲ್ಲಿ ಯಾರೂ ಏನೂ ಅನ್ನಲ್ಲ" ಎಂದರೆ, "ಇರ್ಲಿ ಬಿಡೇ, ಅವ್ರಿಗ್ಯಾಕೆ ಮುಜುಗರ" ಎನ್ನುತ್ತಿದ್ದಳು. ಅವಳ ಪಕ್ಕದಲ್ಲೇ ನಿಂತು ನಾನು ಸಾಮಾನು ತರುವುದನ್ನು ಕಲಿತವಳು. ತಗ್ಗಿ ನಡೆಯಲೆಂದು ಅವಳ ಕೈಗೆ ಬಂದ ರೂಢಿ ನನ್ನ ಕೈಯಲ್ಲಿ ಇಲ್ಲಿಗೆ ಬಂದು, ಸೊಕ್ಕಿನಂತೆ ಕಂಡಿತ್ತು. ನನ್ನ ಅಜ್ಜಿಗೆ ಆ ಅಂಗಡಿಯವನು ಮಾಡಿದ್ದನ್ನು ನಾನು ಈ ಹೆಂಗಸರಿಗೆ ಮಾಡಿದ್ದೆ. ನಾಚಿಕೆಯಿಂದ ಅತ್ತುಬಿಟ್ಟೆ.

ನನ್ನ ಹರಕುಮುರುಕು ಚಿಚೇವಾದಲ್ಲಿ ಅಷ್ಟನ್ನೂ ಹೇಳಿದೆ. ಹಲಗೆ, ಕಾಸು, ಉಪ್ಪು, ಸೆರಗು. ಅಮಾಯಿ ಫಿರಿ ಮಧ್ಯೆ "ನಿಮ್ಮದೇ ಊರಿನವನೇ?" ಎಂದು ಮಾತ್ರ ಎರಡು ಸಲ ಕೇಳಿದರು. ಆಮೇಲೆ ಒಂದು ಹಿಡಿ ಕಡಲೆಬೀಜವನ್ನು ನನ್ನ ಅಂಗೈಗೆ ಹಾಕಿ, ತಮ್ಮ ಎರಡೂ ಕೈಗಳಿಂದ ನನ್ನ ಬೆರಳುಗಳನ್ನು ಮಡಚಿದರು.

"ಭಾನುವಾರ ಓಡಬೇಡಿ" ಎಂದರು.

ಆ ಭಾನುವಾರ ನಾನು ಕೊನೆಯವಳಾಗಿ ಹೊರಬಂದೆ. ಕೊನೆಯವಳಾದರೆ ಸಾಲಿನ ಉದ್ದಕ್ಕೂ ಎಲ್ಲರ ಕೈಯನ್ನೂ ಕುಲುಕುತ್ತಾ ಹೋಗಬೇಕು. ಗುದ್ದಲಿ ಹಿಡಿದು ಒರಟಾದ ಕೈ, ಹಸುಗೂಸಿನ ಅಂಟು ಕೈ, ಟೊಮೇಟೊ ಮುದುಕಿಯ ಒಣಗಿದ ಕೈ. ಮುದುಕಿ ಮಾತ್ರ ಬಿಡದೆ, "ಅಂಗಡಿ ಸಿಕ್ಕಿತೇ?" ಎಂದು ಕೇಳಿದಳು. ಮರ ದಾಟುವ ಹೊತ್ತಿಗೆ ಅತ್ತು ಅತ್ತು ನನ್ನ ಮುಖ ನೋಡುವ ಹಾಗಿರಲಿಲ್ಲ.

ಮಂಗಳವಾರ ತರಗತಿಗೆ ಐದು ಜನ ಬಂದರು. ಕತ್ತರಿಯನ್ನು ಕೈಗೆ ಕೊಟ್ಟೆ, ಇಲ್ಲಿನ ರೀತಿಯಲ್ಲಿ ಎಡಗೈಯನ್ನು ಬಲ ಮುಂಗೈಗೆ ತಾಗಿಸಿ. ಈಸ್ಟರ್ ಹೊತ್ತಿಗೆ ಹದಿನಾಲ್ಕೂ ಜನ ಮರಳಿದ್ದರು. ಎರಡನೆಯ ವರ್ಷ ಯಂತ್ರಗಳೇ ಸಾಲಲಿಲ್ಲ. ಹಿರಿಯರ ಪತ್ರವನ್ನು ನನಗೆ ತಂದುಕೊಟ್ಟವರು ಅಮಾಯಿ ಫಿರಿಯೇ. ಅದರಲ್ಲಿ ನನ್ನ ಹೊಲಿಗೆಯ ಸುದ್ದಿಯೇ ಇರಲಿಲ್ಲ. 'ಈ ಅಮಾಯಿ ನಮ್ಮ ಸಾಲಿನವರು, ಇನ್ನೂ ಇರಲಿ' ಎಂದಷ್ಟೇ ಇತ್ತು. ಖಾಲಾ ಕೇಳಿದ್ದರೆ ಬೇಸರಪಡುತ್ತಿದ್ದರೇನೋ. ನನಗಂತೂ ಹಾಲು ಕುಡಿದಷ್ಟು ಸಂತೋಷವಾಯಿತು.

ಇದನ್ನೆಲ್ಲ ಬರೆಯಲು ಒಂದು ಕಾರಣವಿದೆ. ರಜೆಗೆ ಬೆಂಗಳೂರಿಗೆ ಬಂದಾಗ ಆರಾಧನೆ ಮುಗಿದ ಮೇಲೆ ನಾನು ಚರ್ಚಿನ ಬಾಗಿಲಲ್ಲಿ ಕೈ ಚಾಚಿ ನಿಂತದ್ದನ್ನು ನಿಮ್ಮಲ್ಲಿ ಹಲವರು ನೋಡಿದಿರಿ. ಕೆಲವರು ಸೇವೆಗೆ ಕಾಣಿಕೆ ಕೇಳುತ್ತಿದ್ದಾಳೆಂದು ಪರ್ಸ್ ತೆಗೆದಿರಿ. ಬೇಕೆಂದು ನಿಂತದ್ದಲ್ಲ, ಕಾಲು ತಾನಾಗಿ ನಿಂತುಬಿಟ್ಟಿತ್ತು. ಕಾವಲಿನ ಅಣ್ಣ ಬಂದು, "ಅಮ್ಮಾ, ತಮಿಳ್ ಸರ್ವಿಸ್‌ನೋರು ಬಂದ್ಬಿಟ್ರು, ಗಾಡಿ ತೆಗೀರಿ" ಎಂದ. ಇಲ್ಲಿಗೆ ಮರಳಿದ ಮೇಲೆ ಈಗಲೂ ಕೆಲವು ಭಾನುವಾರ ಆಮೆನ್ ಎಂದ ಕೂಡಲೇ ನನ್ನ ಬೆರಳು ಇಲ್ಲದ ಕೀಲಿಯನ್ನು ತಡಕುತ್ತದೆ. ಎಲ್ಲಿದ್ದರೂ ನನ್ನ ಒಂದು ಅಂಗ ಇನ್ನೊಂದು ಊರಿನಲ್ಲಿರುತ್ತದೆ.

ಆದರೆ ನೀವು ಗಾಡಿ ತೆಗೆದು ಹೋದ ಮೇಲೆ ನಡೆದದ್ದು ನಿಮಗೆ ಗೊತ್ತಿಲ್ಲ. ತಮಿಳು ಆರಾಧನೆಗೆ ಬಂದಿದ್ದ ಒಬ್ಬ ಅಜ್ಜಿ ನನ್ನ ಪಕ್ಕ ಬಂದು ನಿಂತರು.

"ಇಲ್ಲಿ ಏನ್ ಕೊಡ್ತಾರಮ್ಮ?"

"ಏನೂ ಇಲ್ಲ ಪಾಟಿ, ಸುಮ್ನೆ ಎಲ್ಲರ ಕೈ ಕುಲುಕೋದು."

"ಅಷ್ಟೇನಾ?" ಎಂದು ಅವರು ನನ್ನನ್ನು ಒಮ್ಮೆ ನೋಡಿದರು. ಬೈಬಲನ್ನು ಕಂಕುಳಿಗೆ ಸಿಕ್ಕಿಸಿ ನನ್ನ ಕೈ ಕುಲುಕಿದರು. ಒಳಗೆ ಹೋಗುತ್ತಾರೆಂದುಕೊಂಡೆ. ಹೋಗಲಿಲ್ಲ. ಪಕ್ಕದಲ್ಲೇ ನಿಂತು, ಮೆಟ್ಟಿಲು ಹತ್ತಿ ಬರುತ್ತಿದ್ದವರ ಕಡೆಗೆ ಕೈ ಚಾಚಿದರು.